ಕಿಟಕಿ ಪಕ್ಕದ ಕುರ್ಚಿ ಬಾಡಿಗೆಗಿದೆ

ಅಕ್ಕನ ಪಾರ್ಲರಿನಲ್ಲಿ ಕುರ್ಚಿಗಳು ಮೂರು, ಕೆಲಸ ಮಾಡುವ ಕೈಗಳು ಮಾತ್ರ ಎರಡೇ. ಜೊತೆಗಿದ್ದ ಇಬ್ಬರೂ ಕೆಲಸ ಬಿಟ್ಟ ಮೇಲೆ ಅವಳೊಬ್ಬಳ ದುಡಿಮೆ ಅಂಗಡಿ ಬಾಡಿಗೆಗೂ ಸಾಲುತ್ತಿರಲಿಲ್ಲ. ಈ ತಿಂಗಳೂ ಹೀಗೇ ಆದರೆ ಅಂಗಡಿ ಮುಚ್ಚಿ ಬೀಗದ ಕೈ ಮಾಲೀಕರಿಗೆ ಕೊಟ್ಟುಬಿಡುತ್ತೇನೆಂದು ಮನೆಯಲ್ಲಿ ಹೇಳಿಯೂ ಆಗಿತ್ತು.

ಅಷ್ಟರಲ್ಲಿ ಗುಂಗುರು ಕೂದಲಿನ ಹುಡುಗಿಯೊಬ್ಬಳು ಬಂದು, "ಅಕ್ಕ, ಕಿಟಕಿ ಪಕ್ಕದ ಕುರ್ಚಿ ಬಾಡಿಗೆಗೆ ಕೊಡ್ತೀರಾ? ಸಂಬಳ ಬೇಡ. ನನ್ನ ಕತ್ತರಿ, ನನ್ನ ಗಿರಾಕಿ," ಎಂದಳು.

ಅಕ್ಕ ಪಕ್ಕದಂಗಡಿಯ ಟೈಲರಮ್ಮನ ಹತ್ತಿರ ಓಡಿದಳು. "ಕುರ್ಚಿ ಬಾಡಿಗೆಗಂತೆ! ನಾಳೆ ನನ್ನ ಗಿರಾಕಿಗಳ್ನೇ ಎತ್ಕೊಂಡು ಹೋದ್ರೆ?"

ಟೈಲರಮ್ಮ ನಕ್ಕಳು. "ನನ್ನ ಎರಡನೇ ಮಷಿನ್ನು ನಾಲ್ಕು ವರ್ಷದಿಂದ ಬಾಡಿಗೆಗೇ ಓಡ್ತಿರೋದು ಕಣೆ. ಒಂದು ಹಾಳೇಲಿ ಎಲ್ಲಾ ಬರ್ಕೋ. ಯಾವ ದಿನ, ಎಷ್ಟು ಬಾಡಿಗೆ, ಟವೆಲ್ ಯಾರು ಒಗೀಬೇಕು, ಯಾರ ಗಿರಾಕಿ ಯಾರಿಗೆ, ಬಿಡೋದಾದ್ರೆ ಎಷ್ಟು ದಿನ ಮುಂಚೆ ಹೇಳ್ಬೇಕು. ಇಬ್ರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಕೊಳ್ಳಿ. ಆಮೇಲೆ ನೋಡು, ನೀನು ಬಾಡಿಗೆಗೆ ಕೊಡೋದು ಕುರ್ಚೀನ. ಅವಳನ್ನ ಕೆಲಸಕ್ಕಿಟ್ಕೊಳ್ತಿಲ್ಲ. ಅವಳ ಕೆಲಸದಲ್ಲಿ ಕೈ ಹಾಕಲ್ಲ ಅಂತಾನೂ ಬರಿ."

ಬರೆದದ್ದಾಯಿತು. ಮೊದಲ ದಿನವೇ ಆ ಕುರ್ಚಿ ಹತ್ತಿ ಕೂತವರು ಯಾರು? ಅಕ್ಕನ ಸ್ವಂತ ಅತ್ತೆ!

"ಇವಳ ತಲೇನೂ ನನ್ನ ತಲೆ ಹಾಗೇ ಇದೆ. ಇವಳಿಗೆ ಗೊತ್ತಿರುತ್ತೆ," ಎಂದರು ಅತ್ತೆ.

ಅಕ್ಕನ ಹೊಟ್ಟೆ ಉರಿದುಹೋಯಿತು. ಹದಿನೆಂಟು ವರ್ಷದಿಂದ ಆ ತಲೆಗೆ ಕತ್ತರಿ ಹಾಕಿದವಳು ಅವಳೇ. ಒದ್ದೆ ಮಾಡಿ, ಬಾಚಿ ಎಳೆದು, ಎಷ್ಟು ಸಮವಾಗಿ ಕತ್ತರಿಸಿದರೂ ಒಣಗಿದ ಮೇಲೆ ಒಂದು ಕಡೆ ಏಳುತ್ತಿತ್ತು, ಇನ್ನೊಂದು ಕಡೆ ಇಳಿಯುತ್ತಿತ್ತು. ಅತ್ತೆ ಪ್ರತಿ ಸಲವೂ ಸ್ಕಾರ್ಫ್ ಕಟ್ಟಿಕೊಳ್ಳುತ್ತಿದ್ದರು.

ಹುಡುಗಿ ಒಣಗೂದಲಿಗೇ ಕತ್ತರಿ ಎತ್ತಿದಳು. ಅಕ್ಕನಿಗೆ ತಡೆಯಲಾಗಲಿಲ್ಲ. ನೀರಿನ ಸ್ಪ್ರೇ ಬಾಟಲಿ ಹಿಡಿದು ಬಂದವಳೇ ಅತ್ತೆಯ ತಲೆಗೆ ಪುಸ್ಸೆಂದು ಹೊಡೆದೇಬಿಟ್ಟಳು.

"ಅಕ್ಕ," ಎಂದಳು ಹುಡುಗಿ ಮೆಲ್ಲಗೆ, "ಗುಂಗುರು ಒದ್ದೆಯಾದ್ರೆ ಉದ್ದ ಕಾಣುತ್ತೆ. ಒಣಗಿದ್ಮೇಲೆ ಎಲ್ಲಿ ನಿಲ್ಲುತ್ತೋ ಗೊತ್ತಾಗಲ್ಲ. ಆರೋವರೆಗೂ ಕಾಯ್ತೀನಿ. ಈ ಕುರ್ಚಿ ಕೆಲಸ ನನ್ನದು ಅಂತ ಬರ್ದಿದ್ದೀವಲ್ಲ?"

ಬರೆದವಳು ತಾನೇ. ಅಕ್ಕ ಮುಖ ಸಪ್ಪಗೆ ಮಾಡಿಕೊಂಡು, ಬಾಟಲಿ ಕೆಳಗಿಟ್ಟು, ಖಾಲಿ ಕುರ್ಚಿಯಲ್ಲಿ ಕೂತಳು.

ಕೂತವಳು ಏಳಲಿಲ್ಲ. ಕೂದಲು ಆರಿದ ಮೇಲೆ ಹುಡುಗಿ ಒಂದೊಂದೇ ಸುರುಳಿಯನ್ನು ಬೆರಳಲ್ಲೆತ್ತಿ, ಅದು ಯಾವ ಕಡೆ ಬಾಗುತ್ತದೆಂದು ನೋಡಿ, ತುದಿಯಷ್ಟೇ ಕತ್ತರಿಸುತ್ತಿದ್ದಳು. ಬಿಟ್ಟ ಸುರುಳಿ ತಾನಾಗಿಯೇ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ನೋಡನೋಡುತ್ತ ಅತ್ತೆಯ ಮುಖದ ಸುತ್ತ ಬೆಳ್ಳಗಿನ ಕೂದಲು ತುಂಬಿಕೊಂಡಿತು. ಎಂಥ ಕೂದಲು! ಇಷ್ಟು ವರ್ಷ ತನ್ನ ಕೈಯಲ್ಲೇ ಇದ್ದದ್ದನ್ನು ಅಕ್ಕ ಇವತ್ತು ಮೊದಲ ಸಲ ಕಂಡಳು. ಹೊಟ್ಟೆಯುರಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅತ್ತೆ ತುಂಬ ಹೊತ್ತು ಕನ್ನಡಿ ನೋಡಿದರು. ಆಮೇಲೆ ಸ್ಕಾರ್ಫ್ ಮಡಚಿ ಸೊಸೆಯ ಕೈಗಿಟ್ಟರು. "ತಗೋ, ಕನ್ನಡಿ ಒರೆಸೋಕಾಗುತ್ತೆ."

ಕಿಟಕಿಯಾಚೆ ಆಗಲೇ ಇಬ್ಬರು ನಿಂತು ನೋಡುತ್ತಿದ್ದರು. ಇಬ್ಬರದೂ ಗುಂಗುರು ತಲೆ.

ಬೀಗದ ಕೈ ಅಕ್ಕನ ಹತ್ತಿರವೇ ಉಳಿಯಿತು. ಈಗ ಮೂರನೇ ಕುರ್ಚಿಗೂ ಹಾಳೆ ಬರೆಯುತ್ತಿದ್ದಾಳೆ. ಅವಳ ಹಳೇ ಗಿರಾಕಿಗಳು ಯಾರೂ ಅವಳನ್ನು ಬಿಟ್ಟುಹೋಗಲಿಲ್ಲ, ಅತ್ತೆಯೊಬ್ಬರ ಹೊರತು.

ನಿಮ್ಮ ಅಂಗಡಿಯಲ್ಲೂ ಕುರ್ಚಿ ಖಾಲಿ ಬಿದ್ದಿದೆಯೇ? ಕಸುಬು ಬಲ್ಲವರಿಗೆ ಬಾಡಿಗೆಗೆ ಕೊಡಿ. ಕೊಡುವ ಮೊದಲು ಎಲ್ಲವನ್ನೂ ಬರೆದು ಇಬ್ಬರೂ ಸಹಿ ಹಾಕಿ. ಸಹಿ ಹಾಕಿದ ಮೇಲೆ, ದಯವಿಟ್ಟು, ಸ್ಪ್ರೇ ಬಾಟಲಿ ಕೆಳಗಿಡಿ.