ಕುಟ್ಟದೆ ಉಳಿದ ಗೋಡೆ

ಸ್ಪೇನಿನ ನಮ್ಮ ಸೆವಿಯಾ ಊರಿನ ಮನೆಗಳನ್ನು ಕಟ್ಟಿದವರು ಬಿಸಿಲಿಗೆ ಹೆದರಿ ಕಟ್ಟಿದ್ದಾರೆ, ಚಳಿಯ ಯೋಚನೆಯನ್ನೇ ಮಾಡಿಲ್ಲ. ಆ ಜನವರಿಯಲ್ಲಿ ಅಂಗಳದ ಕಾರಂಜಿಯೇ ಹೆಪ್ಪುಗಟ್ಟಿತು. ಪಕ್ಕದ ಮನೆಯ ಮುದುಕಿ ರೆಪೋಸೊ ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿದಳು. ಅವಳಮ್ಮನ ಕಾಲದ ಹಿತ್ತಾಳೆ ಅಗ್ಗಿಷ್ಟಿಕೆಗೆ ಇದ್ದಿಲು ತುಂಬಿ, ದಪ್ಪ ಹೊದಿಕೆಯ ದುಂಡುಮೇಜಿನ ಕೆಳಗೆ ಇಟ್ಟುಕೊಂಡಳು. ನಾನು ಅಂಗಳದಿಂದ ಎಲ್ಲವನ್ನೂ ನೋಡಿದೆ. ಹಾಳಾಗಿ ಹೋಗಲಿ ಅಂದುಕೊಂಡು ಸುಮ್ಮನಾದೆ. ನನ್ನ ಒಗೆದ ಬಟ್ಟೆಯ ನೀರು ಅವಳ ಹೂಕುಂಡಕ್ಕೆ ತೊಟ್ಟಿಕ್ಕಿದ ದಿನದಿಂದ ನಮಗೆ ಮಾತಿರಲಿಲ್ಲ.

ಮಾತಿಲ್ಲದಿದ್ದರೇನು, ನನ್ನ ರೇಡಿಯೋ ಕೇಳಿಸಿದರೆ ಸಾಕು, ಊರುಗೋಲಿನಿಂದ ನಡುಗೋಡೆ ಕುಟ್ಟುತ್ತಿದ್ದಳು. ಅಂದು ಮಧ್ಯಾಹ್ನ ಕುಟ್ಟಲಿಲ್ಲ. ನಾನು ಇನ್ನಷ್ಟು ಜೋರು ಮಾಡಿದೆ. ಆಗಲೂ ಇಲ್ಲ. ಗುಂಡಿಯನ್ನು ಪೂರ್ತಿ ತಿರುಗಿಸಿದೆ.

ಮೇಲಿನ ಮನೆಯ ಕುರ್ರೊ ಮಹಡಿಯಿಂದ ಇಣುಕಿದ. "ರಾಮೋನಾ, ಕಿವಿ ಕೆಪ್ಪಾಯ್ತೇನೇ ನಿಂಗೆ?"

ಗೋಡೆ ಮಾತ್ರ ಸುಮ್ಮನಿತ್ತು.

"ಬೇಗ ಇಳಿದು ಬಾರೋ! ಮುದುಕಿ ಇದ್ದಿಲು ಹಚ್ಕೊಂಡು ಎಲ್ಲಾ ಮುಚ್ಕೊಂಡು ಕೂತಿದಾಳೆ, ಉಸಿರು ಕಟ್ಟಿರ್ಬೇಕು!"

ಅವನ ಹೆಗಲಿನ ಮೂರನೇ ಏಟಿಗೆ ಬಾಗಿಲು ಕಿತ್ತು ಬಂತು. ರೆಪೋಸೊ ಮೇಜಿನ ಮೇಲೆ ತಲೆಯಿಟ್ಟು ಬಿದ್ದಿದ್ದಳು. ಅವಳನ್ನು ಕುರ್ಚಿ ಸಮೇತ ಅಂಗಳಕ್ಕೆ ಎಳೆದೆವು. ನಾನು ಅವಳ ಕೆನ್ನೆಗೆ ಹೊಡೆದೆ, ಸ್ವಲ್ಪ ಜೋರಾಗಿಯೇ.

"ಏಳೇ ಹಠಮಾರಿ! ಬೈಯೇ ನನ್ನ!"

ಎಷ್ಟೋ ಹೊತ್ತಿನ ಮೇಲೆ ರೆಪ್ಪೆ ಅಲುಗಿತು. ಅವಳು ಮುರಿದ ಬಾಗಿಲನ್ನು ನೋಡಿದಳು, ಆಮೇಲೆ ನನ್ನನ್ನು.

"ಮೊದ್ಲು," ಅಂದಳು, "ಆ ದರಿದ್ರ ರೇಡಿಯೋ ಆರಿಸೇ."