ಬೇಡ ಎನ್ನುವವರು

ಯಾರಾದರೊಬ್ಬರು ಬೇಡ ಅಂದೇ ಅನ್ನುತ್ತಾರೆ ಎಂದುಕೊಳ್ಳುತ್ತಲೇ ಅವಳು ತಲೆ ಬಾಚಿಕೊಂಡಳು. ಮೊದಲು ಯಾರು ಅನ್ನಬಹುದು ಎಂಬುದಷ್ಟೇ ಕುತೂಹಲ. ತನ್ನ ಹುಟ್ಟುಹಬ್ಬದ ದಿನ ಏನೂ ಗೊತ್ತಿಲ್ಲದವಳಂತೆ ಓಡಾಡುವ ಹುಡುಗಿಯ ಖುಷಿ ಅವಳಿಗೆ.

ಮಧ್ಯಾಹ್ನ ಕಂಪ್ಯೂಟರಿನಲ್ಲೇ ವಿಡಿಯೊ ಸಭೆ. ಊರೂರುಗಳಲ್ಲಿ ಕೂತ ಒಂದಷ್ಟು ಜನ ಸಂಬಳವಿಲ್ಲದೆ, ಬರೀ ಹಟದಿಂದ ಕಟ್ಟಿಕೊಂಡು ಬಂದ ಪ್ರೋಗ್ರಾಮಿಂಗ್ ಭಾಷೆ ಅದು. ಅದರ ಮುಂದಿನ ಆವೃತ್ತಿಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದನ್ನು ಕೈಬಿಡುವುದು ಎಂದು ಇವತ್ತು ತೀರ್ಮಾನ. ಕೈಬಿಡುವುದರ ಸಾಲಿಗೆ ಅವಳೇ ಒಂದನ್ನು ಸೇರಿಸಿದ್ದಳು: ಸಲಹೆಗಾರ. ಕೋಡ್ ಬರೆಯುವವರು ತಪ್ಪಿದಾಗ, ಎಲ್ಲಿ ಎಡವಿದಿರಿ, ಹೇಗೆ ಸರಿಮಾಡಬಹುದು ಎಂದು ಮೆತ್ತಗೆ ಹೇಳುವ ಭಾಗ. ಅದರ ಒಂದೊಂದು ಮಾತೂ ಅವಳು ಬರೆದದ್ದು. ಮಗಳು ತೊಟ್ಟಿಲಲ್ಲಿದ್ದಾಗಿನಿಂದ, ತನ್ನದು ಎಂದು ಅವಳು ಮಾಡಿದ್ದು ಅದೊಂದೇ.

ಆ ಗುಂಪಿನಲ್ಲಿ ಮತ ಹಾಕುವ ಪದ್ಧತಿಯಿಲ್ಲ. ಒಬ್ಬರು ಬೇಡ ಅಂದರೂ ಸೂಚನೆ ಬಿದ್ದುಹೋಗುತ್ತದೆ. ಯಾರೂ ಮಾತಾಡದಿದ್ದರೆ ಒಪ್ಪಿಗೆ. ಅವಳಿಗೆ ಬೇಕಿದ್ದದ್ದು ಆ ಒಂದು ಬೇಡ.

ಬೀನ್ಸಿನ ನಾರು ತೆಗೆಯುತ್ತಿದ್ದ ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಸಂಬಳ ಇಲ್ಲದ ಕೆಲಸಕ್ಕೆ ಇಷ್ಟೊಂದು ಸಿಂಗಾರ."

"ಸಂಬಳ ಇದ್ದಿದ್ರೆ ಇನ್ನೂ ಮಾಡ್ಕೋತಿದ್ದೆ, ಅತ್ತೆ."

ಅತ್ತೆ ನಕ್ಕು ವಿಷಯ ಏನೆಂದು ಕೇಳಿದರು. ಅವಳು ಹೇಳಿದಳು. ನನ್ನದು ಹಳೆಯದಾಯಿತು, ಹೊಸಬರಿಗೆ ಜಾಗ ಬಿಡಬೇಕಲ್ಲ ಎಂದು ಕೊನೆಯಲ್ಲಿ ಹಗುರವಾಗಿ ಸೇರಿಸಿದಳು. ಅತ್ತೆಯ ಕೈ ನಿಂತಿತು. ಆಗೀಗ ನನಗೆ ಊಟ ಬೇಡ ಎಂದು ಕೋಣೆ ಸೇರಿ, ಯಾರಾದರೂ ಬಂದು ಕರೆಯುವ ತನಕ ಗೋಡೆ ನೋಡುತ್ತ ಮಲಗುವವರು ಅವರು.

"ಬಾಗಿಲು ತೆಗೆದಿಟ್ಟು ಮಲಗಬೇಕಮ್ಮ," ಅಂದರು. "ಚಿಲಕ ಹಾಕ್ಕೊಂಡ್ರೆ ನಿಜವಾಗ್ಲೂ ಹಸಿವಿಲ್ಲ ಅನ್ಕೋತಾರೆ."

"ಏನಂದ್ರಿ?"

"ಏನಿಲ್ಲ. ಹೋಗು, ಹೊತ್ತಾಯ್ತು."

ಸಭೆ ಕಳೆಕಟ್ಟಿತ್ತು. ಸಂಚಾಲಕರು ಕ್ಷೌರದ ಅಂಗಡಿಯಿಂದಲೇ ಫೋನಿನಲ್ಲಿ ಸೇರಿಕೊಂಡಿದ್ದರು, ಅರ್ಧ ಗಡ್ಡದಲ್ಲಿ. ಅವರು ಹೂಂ ಎಂದು ತಲೆಯಾಡಿಸಿದಾಗಲೆಲ್ಲ ಹಿಂದಿನಿಂದ ಒಂದು ಕೈ ಬಂದು ತಲೆಯನ್ನು ನೆಟ್ಟಗೆ ಮಾಡುತ್ತಿತ್ತು. ಹೀಗಾದರೆ ಯಾವುದಕ್ಕೂ ಒಪ್ಪಿಗೆ ಸಿಗುವುದಿಲ್ಲ ಎಂದು ಅವಳು ಅಂದದ್ದಕ್ಕೆ ಎಲ್ಲರೂ ನಕ್ಕರು. ಭಾಷೆಯ ವೇಗ ಹೆಚ್ಚಿಸುವುದು ಮೊದಲು ಎಂದಾಯಿತು. ಕೈಪಿಡಿಯನ್ನು ಹಿಂದಕ್ಕೆ ತಳ್ಳಲು ಹೊರಟವರೊಂದಿಗೆ ವಾದಿಸಿ ಅವಳೇ ಅದನ್ನು ಎರಡನೆಯ ಸ್ಥಾನಕ್ಕೆ ತಂದಳು. ಇಷ್ಟು ಚೆನ್ನಾಗಿ ತಾನು ಎಂದೂ ಮಾತಾಡಿರಲಿಲ್ಲ ಅನ್ನಿಸಿತು.

"ಕೊನೇದು, ಸಲಹೆಗಾರ," ಅಂದರು ಸಂಚಾಲಕರು. "ತೆಗೆಯೋದು ಬೇಡ ಅನ್ನೋರು ಯಾರಾದ್ರೂ ಇದ್ದೀರಾ?"

ಕತ್ತರಿಯ ಸದ್ದು ಕೇಳಿಸಿತು. ಪರದೆಯ ಚೌಕಗಳಲ್ಲಿ ಎಲ್ಲರೂ ನಗುಮುಖದಲ್ಲಿದ್ದರು. ಆ ನಗುವಿನಲ್ಲಿ ಗೌರವವಿತ್ತು. ಅದಕ್ಕೆಂದೇ ಯಾರೂ ಬಾಯಿ ಬಿಡುತ್ತಿಲ್ಲ ಎಂದು ಅವಳಿಗೆ ಹೊಳೆಯಿತು.

"ನನ್ನ ಕೈಲಂತೂ ಆಗ್ತಿರ್ಲಿಲ್ಲ ಅಕ್ಕ, ಸ್ವಂತದ್ದನ್ನ ಹೀಗೆ ಬಿಟ್ಟುಕೊಡೋದು," ಅಂದರು ಗಣಿತದ ಮೇಷ್ಟ್ರು. ಅವರು ಗುಂಪಿಗೆ ಹೊಸಬರು.

ಪರದೆಯ ಮೇಲೆ ಕೆಂಪು ಹೃದಯಗಳು ತೇಲಿದವು. ಆ ಬೇಡವನ್ನು ಅವಳೇ ಅನ್ನಬಹುದಿತ್ತು, ಯಾವ ನಿಯಮವೂ ಅಡ್ಡವಿರಲಿಲ್ಲ. ಬಾಯಿ ತೆರೆದಳು. ಬಂದದ್ದು ನಗು.

"ಹಾಗಾದ್ರೆ ಆಯ್ತು," ಅಂದರು ಸಂಚಾಲಕರು.

ಸಲಹೆಗಾರನ ಒಳಹೊರಗು ಬೇರೆ ಯಾರಿಗೂ ಗೊತ್ತಿರದ ಕಾರಣ ಕಿತ್ತುಹಾಕುವ ಕೆಲಸವೂ ಅವಳ ಪಾಲಿಗೇ ಬಂತು. ಸಂಜೆಯೇ ಕೂತಳು. ಕೈ ಚುರುಕಾಗಿತ್ತು, ಮೈ ಹಗುರವಾಗಿತ್ತು. ತಾನು ಗುನುಗುತ್ತಿದ್ದುದು ಗಮನಕ್ಕೆ ಬಂದು ಅವಳಿಗೇ ಸೋಜಿಗವಾಯಿತು. ಅದರ ಸಾಲುಗಳನ್ನೆಲ್ಲ ಅಳಿಸಿ, ಉಳಿದ ಭಾಷೆ ನೆಟ್ಟಗಿದೆಯೇ ಎಂದು ನೋಡುವ ಪರೀಕ್ಷೆಗಳನ್ನು ಓಡಿಸಿದಳು. ನೆಟ್ಟಗಿದ್ದರೆ ಹಸಿರು, ಮುರಿದಿದ್ದರೆ ಕೆಂಪು. ಎಲ್ಲೋ ಒಂದು ಕಡೆ ಮುರಿದಿರಲೇಬೇಕು.

ಮಗಳು ಬಂದು ಕುರ್ಚಿಗೆ ಒರಗಿ ನಿಂತಳು.

"ಏನೂ ಕೆಟ್ಟಿಲ್ವಾ ಅಮ್ಮಾ?"

"ಏನೂ ಇಲ್ಲ."

ಮಗಳು ಚಪ್ಪಾಳೆ ತಟ್ಟಿ ಅಜ್ಜಿಗೆ ಹೇಳಲು ಓಡಿದಳು. ಅವಳು ಪರೀಕ್ಷೆಗಳನ್ನು ಮತ್ತೆ ಓಡಿಸಿದಳು, ಈ ಸಲ ಪರದೆಗೆ ಮುಖ ಹತ್ತಿರ ತಂದು. ಹಸಿರು ಮೇಲಿನಿಂದ ಸಾಲುಸಾಲಾಗಿ ಇಳಿದು ಬಂತು, ಯಾರೂ ನಡೆದ ಗುರುತಿಲ್ಲದ ಹುಲ್ಲಿನಂತೆ.