ಕೊಕ್ಕಿಗೆ ಕೂರದ ಮಾತಿಲ್ಲ

ಸಿನಿಮಾದಲ್ಲಿ ನಾಯಕಿಯ ಮೈಯ ಬಗ್ಗೆ ಗಂಡಸು ಹೊಲಸು ಮಾತಾಡಿದರೆ ಸೆನ್ಸಾರಿನವರು ಕತ್ತರಿ ಹಾಕುತ್ತಾರೆ. ಅದೇ ಮಾತನ್ನು ಪಂಜರದ ಗಿಳಿ ಆಡಿದರೆ ಮನೆಮಂದಿಯೆಲ್ಲ ಕೂತು ನಗುತ್ತಾರೆ. ಈ ಗುಟ್ಟು ಕಂಡುಕೊಂಡ ಮಹಾನುಭಾವ ಯಾರೋ, ಅವನ ಬಾಯಿಗೆ ಹುಳ ಬೀಳಲಿ. ಅವನ ದೆಸೆಯಿಂದಲೇ ಡಬ್ಬಿಂಗ್ ಕಲಾವಿದೆಯೊಬ್ಬಳಿಗೆ ಗಿಳಿಯಮ್ಮ ಎಂಬ ಹೆಸರು ಬಂತು, ಮನೆಯ ಒಲೆಯೂ ಉರಿಯಿತು.

ಗಿಳಿಯ ಮಾತಿಗೆ ತುಟಿ ಹೊಂದಿಸುವ ಗೋಜಿಲ್ಲ. ಚಿತ್ರೀಕರಣದಲ್ಲಿ ಅದು ಸುಮ್ಮನೆ ಕಾಳು ಕಡಿಯುತ್ತಿರುತ್ತದೆ. ಆಮೇಲೆ ಸ್ಟುಡಿಯೋದಲ್ಲಿ ಯಾವ ಮಾತು ಹಾಕಿದರೂ ಕೊಕ್ಕಿಗೆ ಕೂರುತ್ತದೆ. ಹಾಗಾಗಿ ಚಿತ್ರ ಸಪ್ಪೆಯೆನಿಸಿದಾಗಲೆಲ್ಲ ಗಿಳಿಯಮ್ಮನಿಗೆ ಕರೆ ಬರುತ್ತಿತ್ತು. ನಾಯಕಿಯ ನಗುವನ್ನೂ ಎಷ್ಟೋ ಸಲ ಅವಳೇ ಕೊಡುತ್ತಿದ್ದಳು. ಚಿತ್ರ ಬಿಡುಗಡೆಯಾದ ವಾರದೊಳಗೆ ಬಸ್ ನಿಲ್ದಾಣದ ಪೋಲಿಗಳು ಅದೇ ಮಾತನ್ನು, ಅವಳದೇ ಕೀರಲು ದನಿಯಲ್ಲಿ, ಹೋಗಿಬರುವ ಹೆಂಗಸರ ಮೇಲೆ ಎಸೆಯುತ್ತಿದ್ದರು. ಒಮ್ಮೆ ಅವಳ ಮೇಲೂ ಎಸೆದರು. ಅಂದು ಮನೆಗೆ ಬಂದು ಬಾಯಿ ಮುಕ್ಕಳಿಸಿದವಳು ಮರುದಿನ ಮತ್ತೆ ಮೈಕಿನ ಮುಂದೆ ನಿಂತಿದ್ದಳು. ಹೊಟ್ಟೆ ಕೇಳಬೇಕಲ್ಲ.

ತೀರಿಹೋದ ತಂಗಿಯ ಮಗಳನ್ನು ಅವಳೇ ಸಾಕಿದ್ದಳು. ಆ ಹುಡುಗಿಯ ದನಿಗೆ ಈ ಹೊಲಸು ತಾಗಬಾರದು, ಅವಳು ಮನುಷ್ಯರ ಮಾತನ್ನೇ ಆಡಬೇಕು ಎಂಬುದೊಂದೇ ಅವಳ ಆಸೆ. ಕೊನೆಗೂ ಹುಡುಗಿಗೆ ನಾಯಕಿಗೆ ದನಿ ಕೊಡುವ ಕೆಲಸ ಸಿಕ್ಕಾಗ ಬೀದಿಗೆಲ್ಲ ಸಾರಿ ಬಂದಿದ್ದಳು. ಅದೇ ಚಿತ್ರಕ್ಕೆ ತನಗೂ ಕರೆ ಬಂದಾಗ ಎದೆ ಧಸಕ್ಕೆಂದಿತು.

ಸ್ಟುಡಿಯೋ ಕೋಣೆ ಹಳೆ ಕಾರ್ಪೆಟ್ಟಿನ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಇದ್ದದ್ದು ಒಂದೇ ಮೈಕು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತರು. ಪರದೆಯ ಮೇಲೆ ನಾಯಕಿ ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಹೊರಬಂದಳು. ಗಿಳಿಯಮ್ಮನ ಕೈಗೆ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: "ಇನ್ನೂ ಸ್ವಲ್ಪ ಜಾರಲಿ." ಅದಕ್ಕೆ ನಾಯಕಿ ಕಿಲಕಿಲ ನಗಬೇಕು.

ಎತ್ತಿ ಆಡಿಸಿದ ಕೂಸಿಗೆ ತನ್ನ ಬಾಯಿಂದಲೇ ಈ ಮಾತೇ? ಪರದೆಯ ಮೇಲೆ ಪಂಜರದ ಗಿಳಿ ಕೊಕ್ಕು ತೆರೆಯಿತು.

"ತಲೆ ಒರೆಸ್ಕೊಳೇ, ಶೀತ ಆಗುತ್ತೆ," ಎಂದಳು ಗಿಳಿಯಮ್ಮ.

ಗಾಜಿನಾಚೆ ಸೌಂಡಿನವನು ಕಿಸಕ್ಕೆಂದ. ನಿರ್ದೇಶಕ ಬಾಗಿಲು ತಳ್ಳಿಕೊಂಡು ಒಳಗೆ ಬಂದ.

"ಏನಮ್ಮಾ, ನಮ್ ಗಿಳಿ ಏನು ಅಜ್ಜಿನಾ?"

"ಕೊಕ್ಕಿಗೆ ಯಾವ್ದಾದ್ರೂ ಕೂರುತ್ತಲ್ಲ ಸಾರ್. ಇದೂ ಕೂತಿದೆ."

"ಕೊಕ್ಕಿಗೆ ಕೂತ್ರೆ ಸಾಕಾ? ಆಮೇಲೆ ಹೀರೋಯಿನ್ ನಗೋದು ಆಗ್ಲೇ ಶೂಟ್ ಆಗಿದೆ. ಶೀತಕ್ಕೆ ಯಾರಾದ್ರೂ ಹಾಗೆ ನಗ್ತಾರಾ?"

"ಮಗಳನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಇದನ್ನ ಹೇಳಕ್ಕೆ ನನ್ ಕೈಲಿ ಆಗಲ್ಲ."

"ಹಾಗಾದ್ರೆ ಇಬ್ರೂ ಹೊರಡಿ. ಬಾಯಿರೋ ಹೆಂಗಸ್ರು ಊರ್ ತುಂಬ ಇದಾರೆ."

ಗಿಳಿಯಮ್ಮ ಚೀಲವನ್ನು ಹೆಗಲಿಗೇರಿಸಿದಳು. ಹುಡುಗಿ ಕದಲಲಿಲ್ಲ.

"ಹೇಳ್ಬಿಡು ದೊಡ್ಡಮ್ಮ. ಗಿಳಿ ತಾನೇ. ನಾನು ನಗ್ತೀನಿ."

ಗಿಳಿಯಮ್ಮ ಚೀಟಿಯಲ್ಲಿದ್ದದ್ದನ್ನು ಹೇಳಿದಳು. ನಾಲಿಗೆಯ ಮೇಲೆ ಜಿರಲೆ ಹರಿದಂತಾಯಿತು. ಹುಡುಗಿ ನಕ್ಕಳು: ಮೊದಲು ಉಸಿರು ಒಳಗೆಳೆದು, ಆಮೇಲೆ ಮೂಗಿನಲ್ಲಿ ಸಣ್ಣಗೆ ರಾಗ ತೆಗೆದು, ಕೊನೆಗೆ ನಾಚಿದವಳಂತೆ ತಡೆದು. ಪರದೆಯ ತುಟಿಗೂ ಆ ನಗುವಿಗೂ ಎಳ್ಳಷ್ಟೂ ಆಚೀಚೆಯಾಗಲಿಲ್ಲ. ನಿರ್ದೇಶಕ ಚಪ್ಪಾಳೆ ತಟ್ಟಿದ. ಈ ನಗು ಬರಿಸಲು ಬೇರೆ ಹುಡುಗಿಯರು ದಿನವಿಡೀ ತಿಣುಕುತ್ತಾರೆ. ಇವಳು ಒಂದೇ ಏಟಿಗೆ ಮುಗಿಸಿದ್ದಳು.

ಮೆಟ್ಟಿಲಿಳಿಯುವಾಗ ಗಿಳಿಯಮ್ಮ ಕೇಳಿದಳು, "ಆ ನಗು ಎಲ್ಲಿ ಕಲಿತೆ?"

"ಕಲಿಯೋದೇನು ಬಂತು? ನೀನು ಅಡುಗೆಮನೇಲಿ ಪ್ರಾಕ್ಟೀಸ್ ಮಾಡೋದನ್ನ ಚಿಕ್ಕೋಳಿದ್ದಾಗಿಂದ ಕೇಳಿದೀನಲ್ಲ."

ಗಿಳಿಯಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು. "ಅದು ಬೇಡ. ನಿನ್ನ ನಗು ನಗು ನೋಡೋಣ. ನಿಂದು."

"ಇದೊಳ್ಳೆ ಕತೆ ಆಯ್ತಲ್ಲ," ಎಂದು ಹುಡುಗಿ ನಿಜವಾಗಿಯೇ ನಕ್ಕಳು. ಮೊದಲು ಉಸಿರು ಒಳಗೆಳೆದು, ಆಮೇಲೆ ಮೂಗಿನಲ್ಲಿ ಸಣ್ಣಗೆ ರಾಗ ತೆಗೆದು.

ಗಿಳಿಯಮ್ಮ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.